ಒಂದೇ ಕಡೆಗೆ ಓಡಿದ ಗೆರೆಗಳು

ಕೇಳಿ ಮಕ್ಕಳೇ, ಒಂದಾನೊಂದು ರಾಜ್ಯದಲ್ಲಿ ಕಾಳೋಜ ಅಂತ ಒಬ್ಬ ನಕ್ಷೆಗಾರನಿದ್ದ. ಯಾವ ವಸ್ತುವನ್ನಾದರೂ ನಡುವೆ ಸೀಳಿಟ್ಟ ಹಾಗೆ ಬರೆದು, ಒಳಗೇನಿದೆ ಎಂದು ತೋರಿಸುವುದು ಅವನ ಕೆಲಸ. ಅದಕ್ಕೊಂದು ಕಟ್ಟಳೆಯಿತ್ತು. ಗಟ್ಟಿ ಇದ್ದಲ್ಲಿ ಓರೆ ಗೆರೆ, ಪೊಳ್ಳು ಇದ್ದಲ್ಲಿ ಬರೀ ಬಿಳುಪು. ಎರಡು ತುಂಡು ಕೂಡಿದ್ದರೆ ಒಂದರ ಗೆರೆ ಎಡಕ್ಕೆ, ಇನ್ನೊಂದರದು ಬಲಕ್ಕೆ. ಒಂದೇ ಎರಕವಾದರೆ ಗೆರೆಯೆಲ್ಲ ಒಂದೇ ಕಡೆಗೆ.

ರಾಜ ದೊಡ್ಡ ಕೆರೆಯ ತೂಬಿಗೆ ಗಟ್ಟಿ ಕಂಚಿನ ಬಾಗಿಲು ಮಾಡಿಸಲು ಹೇಳಿದ. ಭಂಡಾರಿ ಮಾದರಸ ಅರ್ಧ ಕಂಚನ್ನು ಮನೆಗೆ ಸಾಗಿಸಿ, ಬಾಗಿಲ ಹೊಟ್ಟೆಗೆ ಮರ ತುಂಬಿಸಿದ. ಆಮೇಲೆ ಕಾಳೋಜನ ಹತ್ತಿರ ಬಂದು, "ಗೆರೆಯೆಲ್ಲ ಎಡಕ್ಕೇ ಎಳೆದುಬಿಡು" ಅಂದ. ಕಾಳೋಜ ಒಲ್ಲೆ ಅಂದ. ಮರುದಿನ ಮಾದರಸ ರೇಷ್ಮೆ ಶಾಲು ಹಿಡಿದು ಬಂದ. ಆಗಲೂ ಕಾಳೋಜ ಒಲ್ಲೆ ಅಂದ. ಮೂರನೆಯ ದಿನ ಮಾದರಸ, "ನಾಳೆಯಿಂದ ಅರಮನೆ ಕಡೆ ಕಾಲಿಡಬೇಡ" ಅಂದ. ಕೆಲಸ ಹೋದೀತೆಂದು ಕಾಳೋಜ ಹೆದರಿದ. ಎಳೆದುಬಿಟ್ಟ. ಎಳೆಯಬಾರದಿತ್ತು, ಮುಟ್ಟಾಳ!

ಮಳೆಗಾಲ ಬಂತು, ಕೆರೆ ತುಂಬಿತು. ತೂಬು ಕಾಯುವ ಸಿಂಗ, ಬಾಗಿಲ ಕೆಳಗಿನ ಕಾಲುವೆಯ ಹೂಳು ತೆಗೆಯಲು ಇಳಿಯುವ ಮುಂಚೆ ಕಾಳೋಜನ ಹತ್ತಿರ ಬಂದು ನಕ್ಷೆ ನೋಡಿದ.

"ಒಂದೇ ಎರಕ ಅಲ್ವೇನಣ್ಣಾ? ಹಂಗಾರೆ ಭಯ ಇಲ್ಲ ಬಿಡು."

ಕಾಳೋಜ ನಿಜ ಹೇಳದೆ ನಕ್ಷೆಯನ್ನು ಸುರುಳಿ ಸುತ್ತಿಟ್ಟ. ಸಿಂಗ ಇಳಿದ. ಬಾಗಿಲು ಒಡೆಯಿತು. ಸಿಂಗ ಮೇಲೆ ಬರಲೇ ಇಲ್ಲ.

ಬಾಗಿಲನ್ನೂ ನೀರು ಕೊಚ್ಚಿಕೊಂಡು ಹೋಗಿತ್ತು. ಮಾದರಸ ರಾಜನಿಗೆ ಹೇಳಿದ: "ಗಟ್ಟಿ ಕಂಚು ತಾನಾಗಿ ಒಡೆಯುತ್ತದೆಯೇ ಪ್ರಭು? ಸಿಂಗನೇ ಒಡೆದಿದ್ದಾನೆ. ಅವನ ಹೆಂಡತಿಯನ್ನು ಊರು ಬಿಡಿಸಿ."

ಸಿಂಗನ ಹೆಂಡತಿ ಚಿಕ್ಕಾಯಿ ತಲೆ ತಗ್ಗಿಸಿ ನಿಂತಿದ್ದಳು. ಅವಳನ್ನು ನೋಡಿದ ಕಾಳೋಜ ಒಂದು ಉಪಾಯ ಹೂಡಿದ. ಮನೆಗೆ ಓಡಿ, ಹೊಸದೊಂದು ನಕ್ಷೆ ಬರೆದು ತಂದು ರಾಜನ ಮುಂದಿಟ್ಟ.

"ಬುದ್ಧೀ, ಮೊದಲಿನ ನಕ್ಷೆ ತಪ್ಪು. ಭಂಡಾರಿಗಳು ಬರೆಯಲು ಹೇಳಿದ್ದು ಇದು. ಅಂಚಿನ ಗೆರೆ ಎಡಕ್ಕೆ, ಒಳಗಿನದು ಬಲಕ್ಕೆ."

"ಹಾಗಾದರೆ ಎರಡು ತುಂಡೇ?" ರಾಜ ಹುಬ್ಬೇರಿಸಿದ.

ಮಾದರಸ ಎಗರಿಬಿದ್ದ. "ಸುಳ್ಳು! ಮರಕ್ಕೂ ಎಡಕ್ಕೇ ಎಳೆ ಅಂತ ಮೂರು ಸಲ ಹೇಳಿದ್ದೆ!"

"ಯಾವ ಮರ?" ಅಂದ ರಾಜ.

ಮಾದರಸ ಸೆರೆಮನೆ ಸೇರಿದ. ಅವನ ಮನೆಯಲ್ಲಿದ್ದ ಕಂಚೆಲ್ಲ ಸಿಕ್ಕಿತು. ರಾಜ ಬಹುಮಾನ ಕೊಡಲು ಬಂದರೆ ಕಾಳೋಜ ಕೈ ಹಿಂದಕ್ಕೆಳೆದುಕೊಂಡ. "ಬೇಡ ಬುದ್ಧೀ. ಆ ಗೆರೆ ಎಳೆದ ಕೈ ಇದೇ."

ಚಿಕ್ಕಾಯಿ ಅವನತ್ತ ನೋಡಿದಳು. "ಅವರು ಇಳಿಯಾಕೆ ಮುಂಚೆ ಹೇಳಬಾರದಿತ್ತಾ ಅಣ್ಣಾ?"



ಅದಕ್ಕೇ ಮಕ್ಕಳೇ, ನಿಜವನ್ನು ಹೇಳಬೇಕಾದ ಹೊತ್ತಿಗೇ ಹೇಳಿಬಿಡಬೇಕು. ತಡವಾಗಿ ಹೇಳಿದರೆ ಕಳ್ಳ ಸಿಕ್ಕಾನು, ಸಿಂಗ ಸಿಗುವುದಿಲ್ಲ.