ರೇಸ್ ಕಾರು ಮತ್ತು ಇಬ್ಬರು ಅಭಿಮಾನಿಗಳು

ಮುಚ್ಚಿಹೋದ ರೇಸ್ ಮೈದಾನದ ಶೆಡ್ಡಿನಲ್ಲಿ ಹಳೆಯ ರೇಸ್ ಕಾರೊಂದಿತ್ತು. ನಿಂತ ಎಂಜಿನ್ ತುಕ್ಕು ಹಿಡಿಯುವುದರಿಂದ ವಾರಕ್ಕೊಮ್ಮೆ ಅದರ ಹ್ಯಾಂಡಲ್ ತಿರುಗಿಸಬೇಕಿತ್ತು. ಅದನ್ನು ತಿರುಗಿಸುತ್ತಿದ್ದ ಮೆಕ್ಯಾನಿಕ್ ತೀರಿಕೊಂಡ ಮೇಲೆ ಕಾರು ಅಲ್ಲಿದ್ದ ಎರಡು ಕೋತಿಗಳನ್ನು ಬೇಡಿತು: "ಅಣ್ಣಂದಿರಾ, ಒಂದು ಸುತ್ತು ತಿರುಗಿಸಿ. ಇಲ್ಲವಾದರೆ ನಾನು ಉಳಿಯಲಾರೆ."

"ತಾಳಪ್ಪ. ನಿನ್ನನ್ನು ಓಡಿಸಿದವರಲ್ಲಿ ಪಳಂಗಪ್ಪನೇ ಶೂರ, ಅಲ್ಲವೇ?" ಎಂದಿತು ಹಿರಿಯ ಕೋತಿ.

"ಅವನಾ? ತಿರುವು ಕಂಡರೆ ಬ್ರೇಕಿನ ಮೇಲೇ ಕೂರುತ್ತಿದ್ದ! ಡಿಮೆಲ್ಲೊ ಮುಂದೆ ಅವನೇನು?" ಎಂದಿತು ಕಿರಿಯದು.

ಕಾರು ಪ್ರತಿ ವಾರವೂ ಬೇಡಿತು. ವಾದ ಮಾತ್ರ ಮಳೆಗಾಲ ಮುಗಿದರೂ ಮುಗಿಯಲಿಲ್ಲ. ಕೊನೆಗೊಂದು ದಿನ, ಆ ಇಬ್ಬರು ಚಾಲಕರಿಗಿಂತಲೂ ಈ ಕಾರೇ ದೊಡ್ಡದೆಂದು ಕೋತಿಗಳು ಒಪ್ಪಿ, ಅದನ್ನು ಹೇಳಲು ಸಂತೋಷದಿಂದ ಓಡಿಬಂದವು. ಕಾರು ಮಾತಾಡಲಿಲ್ಲ. ಗಾಬರಿಯಿಂದ ಎರಡೂ ಹ್ಯಾಂಡಲಿಗೆ ಜೋತುಬಿದ್ದವು. ಅದು ಕದಲಲಿಲ್ಲ. ಹೊಗಳಿಕೆ ಕೇಳಬೇಕಾದ ಕಾರು ಜೀವ ಬಿಟ್ಟು ಬಹಳ ದಿನವಾಗಿತ್ತು.