ಹಗ್ಗ ಹಿಡಿದ ಎರಡನೆಯ ಕೈ

ಹಂದರಗಲ್ಲಿನ ದೊರೆ ಗುಡ್ಡಪ್ಪನಾಯಕರ ಸಭೆಯಲ್ಲಿ ಗಾಡಿಖಾನೆಯ ಯಜಮಾನ ದುಗ್ಗಪ್ಪ ಎದೆ ಸೆಟೆಸಿ ನಿಂತಿದ್ದ. ಊರಿಗೆಲ್ಲ ಗಾಡಿ ಎತ್ತು ಬಾಡಿಗೆಗೆ ಕೊಡುವವನು ಅವನೊಬ್ಬನೇ. ಹಾಗಾಗಿ ಅವನ ಮೀಸೆ ಊರಿನವರ ಮೀಸೆಗಿಂತ ಎರಡು ಸುತ್ತು ಹೆಚ್ಚು ತಿರುಗಿತ್ತು.

"ಪ್ರಭು, ದೊರೆಯಾಗಲಿ ತಿರುಕನಾಗಲಿ, ನನ್ನ ಕಟ್ಟಳೆ ಎಲ್ಲರಿಗೂ ಒಂದೇ. ನನ್ನ ಕಡತದಲ್ಲಿ ಯಾರ ಹೆಸರಿದೆಯೋ ಅವರೇ ಹಗ್ಗ ಹಿಡಿಯಬೇಕು. ಎರಡನೆಯ ಹೆಸರು ಸೇರಿಸಬೇಕಾದರೆ ಇಬ್ಬರೂ ಮೊದಲೇ ಬಂದು ನೊಗ ಮುಟ್ಟಿ ಆಣೆ ಇಡಬೇಕು. ಚಕ್ರ ಉರುಳಿದ ಮೇಲೆ ಬ್ರಹ್ಮ ಬಂದು ಬೇಡಿಕೊಂಡರೂ ಸೇರಿಸುವವನಲ್ಲ. ಬೇರೆ ಕೈ ಹಗ್ಗ ಮುಟ್ಟಿತೋ, ಅಡವಿಟ್ಟದ್ದು ನನ್ನದು!"

ಅವನೆದುರು ನಿಂತಿದ್ದವಳು ನೇಕಾರ ಶಿವದಾಸಪ್ಪನ ಹೆಂಡತಿ ದೇವೀರಮ್ಮ. ಬಾಡಿಗೆಗೆ ಬಂದವರು ತಮ್ಮ ಕಸುಬಿನ ಸಾಮಾನನ್ನೇ ಅಡವಿಡಬೇಕೆಂಬುದು ದುಗ್ಗಪ್ಪನ ಇನ್ನೊಂದು ಕಟ್ಟಳೆ. ಗಂಡ ಹೆಂಡತಿ ಮಗ್ಗವನ್ನೇ ಇಟ್ಟಿದ್ದರು. ಕಡತದಲ್ಲಿದ್ದದ್ದು ಗಂಡನ ಹೆಸರೊಂದೇ.

"ನಡುದಾರೀಲಿ ನಮ್ಮೆಜಮಾನರ ಬಲಗೈಗೆ ಚೇಳು ಕಡೀತು ಬುದ್ಧೀ," ಎಂದಳು ದೇವೀರಮ್ಮ. "ಬೆಳ್ಳುಳ್ಳಿ ಮೂಟೆ ಹಂಗೆ ಗಾಡೀಲಿ ಬಿದ್ದಿದ್ರು. ಪಂಡಿತರ ಮನೆಗೆ ಮುಟ್ಟಿಸಬೇಕಿತ್ತು, ನಾನೇ ಹಗ್ಗ ಹಿಡಿದೆ. ಈ ದುಗ್ಗಪ್ಪನೋರು ಊರಬಾಗಿಲಲ್ಲಿ ನೋಡಿಬಿಟ್ರು. ಆವತ್ತಿಂದ ಮಗ್ಗ ವಾಪಸ್ ಕೊಡೋಲ್ಲ ಅಂತಾರೆ. ಮಗ್ಗ ಇಲ್ದೆ ನಾವು ಏನು ತಿನ್ನೋಣ?"

ದೊರೆ ನಿಟ್ಟುಸಿರಿಟ್ಟರು. ಗಾಡಿಖಾನೆಗೆ ತನ್ನ ಕಟ್ಟಳೆ ತಾನೇ ಮಾಡಿಕೊಳ್ಳುವ ಹಕ್ಕನ್ನು ಅವರ ತಂದೆ ತಾಮ್ರದ ಹಲಗೆಯಲ್ಲಿ ಕೆತ್ತಿಸಿ ಕೊಟ್ಟಿದ್ದರು. ಅಪ್ಪ ಕೊಟ್ಟ ಮಾತನ್ನು ಮಗ ಮುರಿಯುವುದು ಹೇಗೆ?

ಆಸ್ಥಾನದ ವಿದೂಷಕ ಅಳಸಿಂಗಯ್ಯನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ಅವನು ಬಹಳ ವಿನಯವಂತನಾಗುತ್ತಾನೆ. ಕೈಮುಗಿದು ಮುಂದೆ ಬಂದ.

"ಆಹಾ, ದುಗ್ಗಪ್ಪನವರೇ! ದೊರೆಗೂ ತಿರುಕನಿಗೂ ಒಂದೇ ಕಟ್ಟಳೆ ಅಂದಿರಲ್ಲ, ಕೇಳಿ ಕಿವಿ ತಂಪಾಯಿತು. ಪ್ರಭುಗಳೇ ನಾಳೆ ನಿಮ್ಮ ಗಾಡಿ ಬಾಡಿಗೆಗೆ ತೆಗೆದುಕೊಂಡರೆ?"

"ಅವರ ಹೆಸರು ಬರೆದುಕೊಳ್ಳುತ್ತೇನೆ."

"ಅಡವಿಗೆ?"

"ಅವರವರ ಕಸುಬಿನ ಸಾಮಾನು."

"ದೊರೆಯ ಕಸುಬಿನ ಸಾಮಾನು ಪಟ್ಟದ ಕತ್ತಿ. ಆಗಬಹುದೇ?"

ಪಟ್ಟದ ಕತ್ತಿ ಒಂದು ದಿನ ತನ್ನ ಮನೆಯಲ್ಲಿ! ದುಗ್ಗಪ್ಪನ ಮೀಸೆ ಇನ್ನೊಂದು ಸುತ್ತು ತಿರುಗಿತು. "ಧಾರಾಳವಾಗಿ!" ಎಂದ. ದೊರೆಗೂ ಹುಮ್ಮಸ್ಸು ಬಂತು. ಅವರಿಗೆ ಕುದುರೆ ಗೊತ್ತು, ಆನೆ ಗೊತ್ತು, ಎತ್ತಿನ ಹಗ್ಗ ಮಾತ್ರ ಹುಟ್ಟಿದಾಗಿನಿಂದ ಹಿಡಿದವರಲ್ಲ.

ಮರುದಿನ ಬೆಳಿಗ್ಗೆ ಅಳಸಿಂಗಯ್ಯ ಒಂದು ಕುಕ್ಕೆ ಬೇಯಿಸಿದ ಹುರುಳಿ ಹೊತ್ತು ಎಲ್ಲರಿಗಿಂತ ಮೊದಲೇ ಗಾಡಿಖಾನೆಗೆ ಬಂದ. "ದೊರೆಯನ್ನು ಎಳೆಯುವ ಎತ್ತುಗಳಿಗೆ ಅರಮನೆಯ ಸತ್ಕಾರ ಬೇಡವೇ?" ಎಂದು ತಾನೇ ಕೈಯಾರೆ ತಿನ್ನಿಸಿದ.

ದೊರೆ ಬಂದರು. ದುಗ್ಗಪ್ಪ ಕಪ್ಪು ಬಟ್ಟೆಯ ಕಡತ ಬಿಚ್ಚಿ ಬಳಪದಲ್ಲಿ ದೊರೆಯ ಹೆಸರು ಬರೆದ. "ಎರಡನೆಯ ಹೆಸರು ಯಾವುದಾದರೂ?" ಎಂದು ಕೇಳಿದ.

"ಬೇಡ," ಎಂದ ಅಳಸಿಂಗಯ್ಯ. "ಆದರೆ ನೀವೂ ಹತ್ತಿ. ದೊರೆ ಹೊಡೆಯುವ ಗಾಡಿಯಲ್ಲಿ ಕೂರುವ ಯೋಗ ಎಲ್ಲರಿಗೂ ಸಿಗುತ್ತದೆಯೇ?"

ದುಗ್ಗಪ್ಪ ಕಡತವನ್ನು ಕಂಕುಳಲ್ಲಿಟ್ಟುಕೊಂಡು, ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಠೀವಿಯಿಂದ ಹತ್ತಿ ಕೂತ. ಅಳಸಿಂಗಯ್ಯ ಹಿಂದೆ ಕಾಲು ಇಳಿಬಿಟ್ಟು ಕೂತ. ಬೀದಿಯ ಇಕ್ಕೆಲದಲ್ಲೂ ಜನ ಜಯಕಾರ ಹಾಕಿದರು.

ಕೆರೆ ಏರಿಯ ತನಕ ಎಲ್ಲ ಸರಿಯಾಗಿತ್ತು. ನೀರು ಕಂಡದ್ದೇ ತಡ, ಎತ್ತುಗಳು ಬಾಲ ಎತ್ತಿ ಇಳಿಜಾರಿಗೆ ನುಗ್ಗಿದವು. ದೊರೆ "ಹೋ! ಹೋ!" ಎಂದು ಕುದುರೆಗೆ ಹೇಳುವಂತೆ ಹೇಳಿದರು. ಎತ್ತುಗಳಿಗೆ ಕುದುರೆ ಭಾಷೆ ಬರಬೇಕಲ್ಲ! ಗಾಡಿ ದಡಬಡ ಎಂದು ನೀರಿನ ಕಡೆಗೆ ಹಾರಿತು.

"ಅಯ್ಯಯ್ಯೋ!" ದುಗ್ಗಪ್ಪ ಕಡತ ಕತ್ತಿ ಎರಡನ್ನೂ ಬಿಟ್ಟು ಮುಂದಕ್ಕೆ ಹಾರಿ, ದೊರೆಯ ಕೈಯಿಂದ ಹಗ್ಗ ಕಿತ್ತುಕೊಂಡು ಜಗ್ಗಿದ. ನೀರಿಗೆ ಎರಡು ಮಾರು ಇರುವಾಗ ಗಾಡಿ ನಿಂತಿತು.

ಅಳಸಿಂಗಯ್ಯ ಮೆಲ್ಲಗೆ ಇಳಿದು, ಬಿದ್ದಿದ್ದ ಕಡತ ಎತ್ತಿಕೊಂಡು ಓದಿದ. "ದುಗ್ಗಪ್ಪನವರೇ, ಇಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?"

"ಹೆಸರಂತೆ ಹೆಸರು! ನಾನು ಹಿಡಿಯದೇ ಹೋಗಿದ್ದರೆ ಜೀವ ಹೋಗುತ್ತಿತ್ತು! ಅಂಥ ಹೊತ್ತಿನಲ್ಲಿ ಕಡತ ನೋಡುತ್ತಾ ಕೂರುತ್ತಾರೇನ್ರೀ?"

"ದೇವೀರಮ್ಮನೂ ನಿನ್ನೆ ಇದನ್ನೇ ಹೇಳಿದಳು."

ದುಗ್ಗಪ್ಪ ತನ್ನ ಕೈಯಲ್ಲಿದ್ದ ಹಗ್ಗವನ್ನು ನೋಡಿ, ಗಡಿಬಿಡಿಯಿಂದ ಅದನ್ನು ದೊರೆಯ ಕೈಗೆ ತುರುಕಿದ.

"ಅವಸರ ಇಲ್ಲ, ಯೋಚನೆ ಮಾಡಿ," ಎಂದ ಅಳಸಿಂಗಯ್ಯ ಮತ್ತಷ್ಟು ವಿನಯದಿಂದ. "ಕಟ್ಟಳೆ ಕಟ್ಟಳೆಯೇ ಅನ್ನುವುದಾದರೆ ಪಟ್ಟದ ಕತ್ತಿ ಇನ್ನು ನಿಮ್ಮದು. ಸೊಂಟಕ್ಕೆ ಕಟ್ಟಿಕೊಂಡು ನಡೆಯಿರಿ, ಸೇನಾಪತಿಗಳು ಏರಿಯ ಮೇಲೆ ನಿಂತು ನೋಡುತ್ತಿದ್ದಾರೆ. ಜೀವದ ಪ್ರಶ್ನೆ ಬಂದಾಗ ಯಾವ ಕೈಯಾದರೂ ಹಗ್ಗ ಹಿಡಿಯಬಹುದು ಅನ್ನುವುದಾದರೆ, ಇಗೋ ಬಳಪ."

ದುಗ್ಗಪ್ಪ ಸೇನಾಪತಿಯ ಕಡೆ ನೋಡಿದ, ಕತ್ತಿಯ ಕಡೆ ನೋಡಿದ, ಬಳಪ ಹಿಡಿದು ಎರಡನೆಯ ಮಾತನ್ನೇ ಕಡತದಲ್ಲಿ ಬರೆದ. ಮಧ್ಯಾಹ್ನದೊಳಗೆ ಮಗ್ಗ ದೇವೀರಮ್ಮನ ಮನೆ ಸೇರಿತು. ತಂದದ್ದು ದುಗ್ಗಪ್ಪನ ಗಾಡಿಯೇ, ಹಗ್ಗ ಹಿಡಿದವಳು ದೇವೀರಮ್ಮ. ಗಂಡ ಕೈಗೆ ಪಟ್ಟಿ ಕಟ್ಟಿಕೊಂಡು ಹಿಂದೆ ಕೂತು ನಗುತ್ತಿದ್ದ.

ಸಂಜೆ ದೊರೆ ಅಳಸಿಂಗಯ್ಯನನ್ನು ಕರೆಸಿದರು. "ನಿನಗೊಂದು ಶಾಲು. ಆ ಮಗ್ಗದಲ್ಲೇ ನೇಯಿಸುತ್ತೇವೆ. ಅದಿರಲಿ, ಎತ್ತುಗಳು ಹಾಗೇಕೆ ನೀರಿಗೆ ಓಡಿದವು?"

"ಹುರುಳಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು, ಪ್ರಭು."

ದೊರೆಯ ಕಣ್ಣು ಅರಳಿತು. "ಎಲಾ ಇವನ! ದುಗ್ಗಪ್ಪ ಹಗ್ಗ ಹಿಡಿಯದೇ ಸುಮ್ಮನೆ ಕೂತಿದ್ದರೆ ನಮ್ಮ ಗತಿ ಏನಯ್ಯಾ?"

"ಕೂರುವುದುಂಟೇ? ನಿಮಗೋಸ್ಕರ ಹಿಡಿಯುತ್ತಿದ್ದನೋ ಇಲ್ಲವೋ, ದೇವರೇ ಬಲ್ಲ," ಎಂದ ಅಳಸಿಂಗಯ್ಯ. "ಆದರೆ ಗಾಡಿ ಅವನದು ನೋಡಿ!"