ಕಾಳವ್ವನ ಕೆಂಡ

ಭಾಳ ಹಿಂದ, ಕಡ್ಡಿಪೆಟ್ಟಿಗಿ ಹೆಸರೂ ಕೇಳದ ಕಾಲದಾಗ, ಹೊಳಿದಂಡಿ ಒಂದು ಊರಾಗ ಕಾಳವ್ವ ಅನ್ನೋ ಕಮ್ಮಾರಾಕಿ ಇದ್ದಳಂತ. ಗಂಡ ಸತ್ತಮ್ಯಾಲ ಕುಲುಮಿ ತಾನೇ ನಡೆಸಿದಾಕಿ. ಆಕಿ ಸುತ್ತಿಗಿ ಸಪ್ಪಳ ಮೂರು ಊರಿಗೆ ಕೇಳತಿತ್ತಂತ. ಹೇಳೋರ ಬಾಯಿಗೆ ಅಳತಿ ಎಲ್ಲೈತಿ!

ಒಂದು ಮಳಿಗಾಲ ದನಕ್ಕ ರೋಗ ಬಿತ್ತು. ಬೇರು-ಸೊಪ್ಪು ಆರಿಸಿ ಬದುಕೋ ತಿಪ್ಪವ್ವ ಏನೋ ತಿನಿಸ್ಯಾಳ ಅಂತ ಯಾರೋ ಅಂದರು. ಎತ್ತು ಈತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ! ಆಕೀನ್ನ ಕರೀಲಿಲ್ಲ, ಕೇಳಲಿಲ್ಲ. ಪಂಚರು ಕಟ್ಟಿಮ್ಯಾಲ ಕುಂತು ತೀರ್ಪು ಕೊಟ್ಟೇಬಿಟ್ಟರಂತ: ತಿಪ್ಪವ್ವಗ ಬೆಂಕಿ ಇಲ್ಲ, ನೀರಿಲ್ಲ, ಮಾತಿಲ್ಲ. ಆಕಿ ಕೂಡ ಬಳಕಿ ಇಟ್ಟೋರಿಗೂ ಅದೇ ಗತಿ.

ತಿಪ್ಪವ್ವನ ಮಗಳು ಬಾಣಂತಿ, ಕೂಸಿಗೆ ಒಂಬತ್ತು ದಿನ. ಒಲಿ ಆರಿ, ಥಂಡಿಗೆ ಕೂಸು ನೀಲಿಗಟ್ಟತಿತ್ತಂತ. ಕಾಳವ್ವಗ ಕರುಳು ಚುರ್ ಅಂತು. ಹೆದರಿಕಿನೂ ಆತು, ಸುಳ್ಳ್ಯಾಕ ಹೇಳಬೇಕು. ಊರು ಆಕೀನ್ನೂ ದೂರ ಇಟ್ಟರ ಕುಲುಮಿಗೆ ಇದ್ದಲಿ ಕೊಡೋರು ಯಾರು? ಆದ್ರೂ ಎಲ್ಲಾರ ಕಣ್ಣಮುಂದ ಹಂಚಿನಾಗ ಕೆಂಡ ಹಿಡಕೊಂಡು ತಿಪ್ಪವ್ವನ ಮನಿಗೆ ನಡದಳಂತ.

“ನಿನಗ್ಯಾಕ ಬೇಕಾಗಿತ್ತವ್ವಾ ಇದು?” ಅಂದ ಗೌಡ.

“ಆಕಿ ತಿನಿಸಿದ್ದು ಕಂಡೋರು ಯಾರ್ರೀ ಗೌಡ್ರ? ಮುಂದ ಬರಲಿ. ಅಲ್ಲೀತನಕ ನಾ ಯಾರ ಮನಿಗೆ ಹೋಗಬೇಕು ಅನ್ನೋದು ನನಗ ಬಿಡ್ರಿ.”

ಯಾರೂ ಬರಲಿಲ್ಲ. ಕಾಳವ್ವಗೂ ಬಹಿಷ್ಕಾರ ಬಿತ್ತು. ಇದ್ದಲಿ ಸಿಗದ ಕುಲುಮಿ ತಣ್ಣಗಾತು. ಆಕಿ ಹೋಗಿ ತಿಪ್ಪವ್ವನ ಒಲಿಮುಂದ ಕುಂತಳಂತ.

ದನದ ರೋಗ ಮಾತ್ರ ನಿಲ್ಲಲಿಲ್ಲ. ರೋಗ ಓಡಸಾಕ ಮನಿಮನಿ ಒಲಿ ಆರಿಸಿ, ಕುಲುಮಿಯಿಂದ ಹೊಸ ಬೆಂಕಿ ತರೋದು ಆ ಊರ ಪದ್ಧತಿ. ತಳವಾರ ಡಂಗುರ ಹೊಡೆದ. ಎಲ್ಲಾರೂ ಒಲಿಗೆ ನೀರು ಸುರುವಿದರು. ಕುಲುಮಿ ಆರೇತಿ ಅನ್ನೋದು ಆಮ್ಯಾಲ ನೆನಪಾತಂತ ಶ್ಯಾಣ್ಯಾರಿಗೆ! ಮಳ್ಯಾಗ ಚಕಮಕಿ ಹತ್ತಲಿಲ್ಲ. ರೋಗದ ಊರಿಗೆ ಪಕ್ಕದೂರಿನವರು ಕೆಂಡ ಕೊಡಲಿಲ್ಲ.

ಹೊಗಿ ಏಳತಿದ್ದದ್ದು ತಿಪ್ಪವ್ವನ ಮನ್ಯಾಗ ಅಷ್ಟ. ಮಾತು ಬಿಟ್ಟ ಮನಿ ನೋಡ್ರಿ, ಒಲಿ ಆರಸು ಅಂತ ಅಲ್ಲಿಗೆ ಹೋಗಿ ಯಾರೂ ಹೇಳಿರಲಿಲ್ಲ!

ಗೌಡ ಹಂಚು ಹಿಡಕೊಂಡು ಹೊಸ್ತಿಲದಾಗ ನಿಂತ. ತಿಪ್ಪವ್ವ ಇಕ್ಕಳಕ್ಕ ಕೈ ಹಾಕಿದಳು. ಕಾಳವ್ವ ಆ ಕೈ ಹಿಡದಳಂತ.

“ಕೊಡೂಣು. ಮೊದಲ ದನದ ಮಾತು ಆಕೀನ್ನ ಕೇಳ್ರಿ.”

ಗೌಡ ಕೇಳಿದ. ಮೊದಲ ದನ ಬಿದ್ದ ದಿನ ಮಗಳ ಹೆರಿಗಿ ಇತ್ತು, ಅದಕ್ಕೂ ನಾಕು ದಿನ ಮೊದಲಿಂದ ತಾನು ಹೊಸ್ತಿಲಾ ದಾಟಿಲ್ಲ ಅಂದಳು ತಿಪ್ಪವ್ವ. ಆ ನಾಕೂ ದಿನ ಅಲ್ಲೇ ಇದ್ದ ಸೂಲಗಿತ್ತಿ ಹೌದಂದಳು. ಆವಾಗ ತಿಪ್ಪವ್ವ ಗೌಡನ ಹಂಚಿಗೆ ಕೆಂಡ ಹಾಕಿದಳಂತ. ಇಷ್ಟು ಮಾತು ಕೇಳಾಕ ಊರಿಗೆ ಒಂದು ತಿಂಗಳು ಹಿಡದಿತ್ತು.

ಈಗಲೂ ಆ ಊರಾಗ ಯಾರ ಮ್ಯಾಲರ ದೂರು ಬಂದ್ರ, ಅವರ ಒಲಿಯಿಂದ ಒಂದು ಕೆಂಡ ತಂದು ಕಟ್ಟಿಮ್ಯಾಲ ಇಡತಾರ. ಗ್ಯಾಸ್ ಬಂದ ಮನ್ಯಾಗೂ ಇದಕ್ಕಂತ ನಾಕು ಕಟಗಿ ಹಚ್ಚತಾರ. ಕಾಳವ್ವನ ಕೆಂಡ ಅಂತಾರ ಅದಕ್ಕ. ಅದು ಬೂದಿ ಆಗೋತನಕ ಮಾತು ದೂರು ಹೊತ್ತವರದು. ಪಂಚರು ಬಾಯಿ ತೆರಿಯಂಗಿಲ್ಲ.